ಹಳೆಯದಕ್ಕೆ ಕೊನೆಯ ಸಲವಾ, ಹೊಸದಕ್ಕೆ ಮೊದಲ ದಿನವಾ, ಇಲ್ಲ ಒಂದು ವರ್ಷ ಕಾಯೋದಾ?

ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಒಂದಷ್ಟು ಪೆನ್ಸಿಲ್ ಗೆರೆಗಳಿವೆ. ಪಕ್ಕದಲ್ಲೇ ತಾರೀಕು. ಮಗಳ ಎತ್ತರ ಅಳೆದಾಗಲೆಲ್ಲ ಎಳೆದದ್ದು. 97 ಅಂತ ಬರೆದ ಗೆರೆಯಿಂದ ಸ್ವಲ್ಪ ಮೇಲೆ ಕೆಂಪು ಸ್ಕೆಚ್ ಪೆನ್ನಿನ ಗೆರೆ ಇನ್ನೊಂದಿದೆ. ಅದು ಅವಳು ಹಟ ಮಾಡಿ ಎಳೆಸಿಕೊಂಡದ್ದು. ಅಲ್ಲಿ ಬರೆದಿರುವುದು 102.

102 ಸೆಂಟಿಮೀಟರ್ ಅಂದರೆ 40 ಇಂಚು. ಮಕ್ಕಳನ್ನು ಕಟ್ಟಿಕೊಂಡು ಥೀಮ್ ಪಾರ್ಕುಗಳಿಗೆ ಹೋಗಿಬಂದವರಿಗೆ ಈ ಸಂಖ್ಯೆ ಬಾಯಿಪಾಠ ಆಗಿರುತ್ತದೆ. ಎಷ್ಟೋ ದೊಡ್ಡ ರೈಡ್‌ಗಳಿಗೆ ಇದೇ ಕನಿಷ್ಠ ಎತ್ತರದ ಗಡಿ. ನಾವು ಹೋಗಿದ್ದ ಹಳೇ ಪಾರ್ಕಿನಲ್ಲಿ ಅವಳು ಅಳತೆ ಕಡ್ಡಿಯ ಕೆಳಗೆ ನಿಂತಾಗ ತಲೆಗೂ ಕಡ್ಡಿಗೂ ಮಧ್ಯೆ ನನ್ನ ಮೂರು ಬೆರಳು ತೂರುವಷ್ಟು ಜಾಗ ಉಳಿಯಿತು. ಅಲ್ಲಿದ್ದ ಹುಡುಗ ಒಳ್ಳೆಯವನು. ಬೈಯಲಿಲ್ಲ, ಮೊಣಕಾಲೂರಿ ಕೂತು ಅವಳ ಕೈಗೆ ಒಂದು ಸ್ಟಿಕ್ಕರ್ ಕೊಟ್ಟ. ಅವಳು ಸ್ಟಿಕ್ಕರ್ ನೋಡಲಿಲ್ಲ. ತನ್ನ ಚಪ್ಪಲಿ ನೋಡಿಕೊಂಡಳು.

ಕೆಲವು ತಿಂಗಳಿಗೆ ಸುದ್ದಿ ಬಂತು. ಆ ಹಳೇ ಪಾರ್ಕ್ ಮುಚ್ಚುತ್ತದೆಯಂತೆ, ಅದೇ ಜಾಗದಲ್ಲಿ ಹೊಸ ಫ್ಯಾಮಿಲಿ ಥೀಮ್ ಪಾರ್ಕ್ ಬರುತ್ತದೆಯಂತೆ. ಮನೆಯಲ್ಲಿ ಚರ್ಚೆ ಶುರುವಾಯಿತು. ನಮ್ಮ ಯಜಮಾನರಿಗೆ ಹಳೆಯದನ್ನು ಇನ್ನೊಂದು ಸಲ ನೋಡಿಬಿಡಬೇಕು. ಮಗಳಿಗೆ ಹೊಸದು ತೆರೆಯುವ ದಿನವೇ ಹೋಗಬೇಕು. ನನಗೆ ಒಂದು ವರ್ಷ ಬಿಟ್ಟು ಹೋಗೋಣ ಅನ್ನಿಸಿತ್ತು. ಅತ್ತೆಯದು ಒಂದೇ ಪ್ರಶ್ನೆ: "ಅಲ್ಲಿ ಕೂತ್ಕೊಳ್ಳೋಕೆ ನೆರಳು ಇರುತ್ತೇನೇ?"

ನಿಮ್ಮ ಮನೆಯಲ್ಲೂ ಇಂಥದ್ದೇ ಮಾತು ನಡೆಯುತ್ತಿದ್ದರೆ ಈ ಬರಹ ನಿಮಗೆ. ಮೂರೂ ದಾರಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದ್ದೇನೆ. ನನ್ನ ತೀರ್ಮಾನ ಈಗಲೇ ಹೇಳಿಬಿಡುತ್ತೇನೆ: ಕ್ಯಾಲೆಂಡರ್ ನೋಡುವ ಮೊದಲು ಟೇಪ್ ಹಿಡಿದು ಮಗುವನ್ನು ಅಳೆಯಿರಿ. ಪಾರ್ಕ್ ಯಾವತ್ತು ತೆರೆಯುತ್ತದೆ ಅನ್ನುವುದಕ್ಕಿಂತ ಅವತ್ತು ನಿಮ್ಮ ಮಗು ಎಷ್ಟು ಎತ್ತರ ಇರುತ್ತದೆ ಅನ್ನುವುದು ಮುಖ್ಯ.

ಮೊದಲು ಒಂದು ವಿಷಯ: ಬದಲಾಗುತ್ತಿರುವುದು ಎಷ್ಟು?

ಹಳೆಯದು ಹೋಗಿ ಹೊಸದು ಬರುತ್ತದೆ ಎಂದ ತಕ್ಷಣ ಬುಲ್ಡೋಜರ್ ಕಣ್ಣಿಗೆ ಬರುತ್ತದೆ. ಯಾವಾಗಲೂ ಹಾಗಿರುವುದಿಲ್ಲ.

ಕೆಲವು ಕಡೆ ಬರೀ ವೇಷ ಬದಲಾಗುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ ಸ್ಪ್ಲ್ಯಾಶ್ ಮೌಂಟನ್ ಎಂಬ ನೀರಿನ ರೈಡ್ ಇತ್ತು. 2023ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು. 2024ರ ಜೂನ್ 28ಕ್ಕೆ ಅದೇ ಜಾಗದಲ್ಲಿ ಟಿಯಾನಾಸ್ ಬಾಯೂ ಅಡ್ವೆಂಚರ್ ಶುರುವಾಯಿತು. ಕಥೆ ಹೊಸದು, ಗೊಂಬೆಗಳು ಹೊಸವು, ಸಂಗೀತ ಹೊಸದು. ನೀರು ಹರಿಯುವ ಕಾಲುವೆ ಮಾತ್ರ ಹಳೆಯದೇ. ಕೊನೆಗೆ ಸುಮಾರು 50 ಅಡಿ ಕೆಳಗೆ ಧುಮುಕುವುದೂ ಹಳೆಯದೇ. 102 ಸೆಂ.ಮೀ. ಗಡಿಯೂ ಬದಲಾಗಲಿಲ್ಲ. ಇಂಥ ಕಡೆ, "ಅಯ್ಯೋ ಆ ಜಾರುವ ಖುಷಿ ಇನ್ನು ಸಿಗಲ್ಲ" ಎಂದು ಓಡಿಹೋಗಬೇಕಾಗಿಲ್ಲ. ಅದು ಅಲ್ಲೇ ಇರುತ್ತದೆ.

ಇನ್ನು ಕೆಲವು ಕಡೆ ಅರ್ಧ ಉಳಿಸಿಕೊಳ್ಳುತ್ತಾರೆ. ಅದೇ ಫ್ಲೋರಿಡಾದಲ್ಲಿ ಸೈಪ್ರೆಸ್ ಗಾರ್ಡನ್ಸ್ ಅಂತ ಇತ್ತು. 1936ರಲ್ಲಿ ಶುರುವಾದದ್ದು. ತೋಟಕ್ಕೆ, ವಾಟರ್ ಸ್ಕೀ ಆಟಕ್ಕೆ ಹೆಸರುವಾಸಿ. 2009ರಲ್ಲಿ ಬಾಗಿಲು ಹಾಕಿತು. 2011ರ ಅಕ್ಟೋಬರ್ 15ಕ್ಕೆ ಅಲ್ಲಿ ಲೆಗೋ ಆಟಿಕೆಗಳ ಥೀಮ್ ಪಾರ್ಕ್ ಲೆಗೋಲ್ಯಾಂಡ್ ತೆರೆಯಿತು. ತೋಟವನ್ನು ಕಡಿಯಲಿಲ್ಲ. 1939ರಲ್ಲಿ ನೆಟ್ಟ ಆಲದ ಮರವನ್ನೂ ಉಳಿಸಿಕೊಂಡರು. ಮರದಿಂದ ಮಾಡಿದ ಹಳೇ ರೋಲರ್ ಕೋಸ್ಟರ್‌ಗೆ ಡೈನೋಸಾರ್ ಹೆಸರಿಟ್ಟು ಮತ್ತೆ ಓಡಿಸಿದರು. ವಾಟರ್ ಸ್ಕೀ ಆಟವೂ ಹೊಸ ವೇಷದಲ್ಲಿ ಮುಂದುವರಿಯಿತು. ನನಗೆ ತುಂಬ ಇಷ್ಟವಾದ ಉದಾಹರಣೆ ಇದು. ಯಾಕೆ ಅಂತ ನೆರಳಿನ ವಿಷಯ ಬಂದಾಗ ಹೇಳುತ್ತೇನೆ.

ಮೂರನೆಯದು ಪೂರ್ತಿ ಅಳಿಸಿ ಬರೆಯುವುದು. ಟೋಕಿಯೋದ ತೋಶಿಮಾಎನ್ 1926ರಲ್ಲಿ ತೆರೆದ ಪಾರ್ಕ್. 2020ರ ಆಗಸ್ಟ್ 31ಕ್ಕೆ ಮುಚ್ಚಿತು. ಅಲ್ಲಿ ಎಲ್ ಡೊರಾಡೋ ಎಂಬ ತಿರುಗುವ ಕುದುರೆಗಳ ಆಟ ಇತ್ತು, 1907ರಲ್ಲಿ ಜರ್ಮನಿಯಲ್ಲಿ ಕೆತ್ತಿದ್ದು. ಅದನ್ನು ಬಿಚ್ಚಿ ಎತ್ತಿಟ್ಟರು. 2023ರ ಜೂನ್ 16ಕ್ಕೆ ಆ ಜಾಗದಲ್ಲಿ ಹ್ಯಾರಿ ಪಾಟರ್ ಸಿನಿಮಾಗಳ ಸ್ಟುಡಿಯೋ ಟೂರ್ ಶುರುವಾಯಿತು. ಇಲ್ಲೊಂದು ಸೂಕ್ಷ್ಮ ಇದೆ ನೋಡಿ. ಹಳೆಯದು ಈಜುಕೊಳ, ಉಯ್ಯಾಲೆ, ಕೋಸ್ಟರ್‌ಗಳ ಪಾರ್ಕ್. ಹೊಸದರಲ್ಲಿ ಮುಖ್ಯವಾಗಿ ಸೆಟ್‌ಗಳ ನಡುವೆ ನಡೆದು ನೋಡುವುದು. ಹಾಗೇ ಹೋಗಿ ಟಿಕೆಟ್ ಕೊಳ್ಳುವಂತಿಲ್ಲ, ಮೊದಲೇ ಸಮಯ ಗೊತ್ತುಮಾಡಿಕೊಂಡು ತೆಗೆದುಕೊಳ್ಳಬೇಕು. ಜಾಗ ಒಂದೇ, ಆದರೆ ಬೇಕಾಗುವ ಮಗು ಬೇರೆ. ಓಡಾಡಿ ಕುಣಿಯುವ ನಾಲ್ಕು ವರ್ಷದ ಮಗುವಿಗೆ ಹಳೆಯದು ಸ್ವರ್ಗವಾಗಿತ್ತು. ಹೊಸದು ಸಿನಿಮಾ ನೋಡಿ ಹುಚ್ಚು ಹಿಡಿಸಿಕೊಂಡ ಹತ್ತು ವರ್ಷದವರಿಗೆ.

ಹಾಗಾಗಿ ಪಾರ್ಕಿನವರು ಬಿಡುವ ಬಣ್ಣದ ಚಿತ್ರಗಳಿಗಿಂತ ಮುಚ್ಚುವ ಪ್ರಕಟಣೆಯನ್ನು ಎರಡು ಸಲ ಓದಿ. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದು ಅಲ್ಲಿರುತ್ತದೆ. ಚಿತ್ರದಲ್ಲಿ ಎಲ್ಲ ಪಾರ್ಕೂ ಸಂಜೆಗೆಂಪಿನಲ್ಲಿ ಖಾಲಿ ಖಾಲಿಯಾಗಿ ಮಿಂಚುತ್ತಿರುತ್ತದೆ, ಅಲ್ವಾ?

ಎತ್ತರದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ಮೂರು ವರ್ಷದ ಮಗು ಸರಾಸರಿ 95-96 ಸೆಂ.ಮೀ., ನಾಲ್ಕಕ್ಕೆ 103ರ ಹತ್ತಿರ, ಐದಕ್ಕೆ 110ರ ಹತ್ತಿರ. ಅಂದರೆ ಮೂರರಿಂದ ಐದರವರೆಗೆ ವರ್ಷಕ್ಕೆ ಸುಮಾರು 7 ಸೆಂ.ಮೀ. ಆಮೇಲೆ ವೇಗ ಸ್ವಲ್ಪ ಇಳಿದು ವರ್ಷಕ್ಕೆ 5-6 ಆಗುತ್ತದೆ. ನಿಮ್ಮ ಮಗು ಈ ಸರಾಸರಿಗಿಂತ ಗಿಡ್ಡ ಇರಬಹುದು, ಉದ್ದ ಇರಬಹುದು. ಅದಕ್ಕೇ ಅಳೆಯಿರಿ ಅಂದದ್ದು.

ಈಗ ಇದನ್ನು ಪಾರ್ಕಿನ ಲೆಕ್ಕಕ್ಕೆ ಹಾಕಿ. ಸ್ಪ್ಲ್ಯಾಶ್ ಮೌಂಟನ್ ನಿಂತು ಟಿಯಾನಾ ಶುರುವಾಗುವ ಮಧ್ಯೆ 17 ತಿಂಗಳು. ಮೂರು ವರ್ಷದ ಮಗು ಅಷ್ಟರಲ್ಲಿ ಹೆಚ್ಚುಕಡಿಮೆ 10 ಸೆಂ.ಮೀ. ಬೆಳೆಯುತ್ತದೆ. ಹಳೆಯದು ಮುಚ್ಚುವಾಗ 92 ಇದ್ದ ಮಗುವನ್ನು ವಿದಾಯಕ್ಕೆ ಅಂತ ಕರೆದುಕೊಂಡು ಹೋದರೆ ಅದು ದಂಡೆಯಲ್ಲಿ ನಿಂತು ಅಳಬೇಕಿತ್ತು. ಹೊಸದು ತೆರೆಯುವ ಹೊತ್ತಿಗೆ ಅದೇ ಮಗು ಗಡಿ ಮುಟ್ಟಿರುತ್ತದೆ. ಆಗ ಕಾಯುವುದು ನಷ್ಟವೇ ಅಲ್ಲ.

ಕಡ್ಡಿಯ ಹತ್ತಿರ ಜಗಳ ಮಾಡುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ. "ಒಂದು ಸೆಂಟಿಮೀಟರ್ ತಾನೇ ಸಾರ್, ಬಿಡಿ." ಶೂ ಒಳಗೆ ಮಡಚಿದ ಕಾಲುಚೀಲ ತುರುಕಿದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಎಷ್ಟೋ ರೈಡ್‌ಗಳಲ್ಲಿ ತೊಡೆಯ ಮೇಲೆ ಬರುವ ಸರಳು ಇಬ್ಬರಿಗೂ ಸೇರಿ ಒಂದೇ ಇರುತ್ತದೆ. ಅದು ದಪ್ಪ ತೊಡೆಗೆ ತಾಗಿ ನಿಲ್ಲುತ್ತದೆ. ಪಕ್ಕದ ಚಿಕ್ಕ ಮಗುವಿನ ತೊಡೆಗೂ ಸರಳಿಗೂ ಮಧ್ಯೆ ಸಂದು ಉಳಿದುಬಿಡುತ್ತದೆ. ಆ ಸಂದಿನಲ್ಲೂ ಮಗು ಜಾರಬಾರದು ಅಂತ ಲೆಕ್ಕ ಹಾಕಿ ಇಟ್ಟ ಸಂಖ್ಯೆ ಅದು. ಕಾಲುಚೀಲ ತುರುಕಿದರೆ ಸಂದು ಕಿರಿದಾಗುವುದಿಲ್ಲ.

ಒಂದು ಪ್ರಾಮಾಣಿಕ ಉಪಾಯ ಮಾತ್ರ ಇದೆ. ಎಲ್ಲರೂ ಬೆಳಿಗ್ಗೆ ಎದ್ದಾಗ ಸಂಜೆಗಿಂತ ಸ್ವಲ್ಪ ಉದ್ದ ಇರುತ್ತೇವೆ. ದಿನವಿಡೀ ನಿಂತು ನಡೆದು ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅಮುಕಿಕೊಳ್ಳುತ್ತವೆ. ಮಗು ಗಡಿಯ ಅಂಚಿನಲ್ಲಿದ್ದರೆ ಆ ರೈಡ್‌ಗೆ ಬೆಳಿಗ್ಗೆಯೇ ಹೋಗಿ.

ದಾರಿ ಒಂದು: ಹಳೆಯದಕ್ಕೆ ಕೊನೆಯ ಭೇಟಿ

ಯಜಮಾನರ ಆಸೆ ಇದು. ಅವರು ಚಿಕ್ಕವರಿದ್ದಾಗ ಅಲ್ಲಿ ಶಾಲೆಯ ಪ್ರವಾಸಕ್ಕೆ ಹೋಗಿದ್ದರಂತೆ. ಇದನ್ನು ನಾನು ಲೆಕ್ಕದಲ್ಲಿ ತೂಗುವುದಿಲ್ಲ. ಮನಸ್ಸಿಗೆ ಅಂಟಿಕೊಂಡ ಜಾಗವಾದರೆ ಹೋಗಿ ಬನ್ನಿ, ಅಷ್ಟೇ.

ಆದರೆ ಕೊನೆಯ ವಾರ ಬೇಡ. ಕೊನೆಯ ವಾರ ಎಲ್ಲರಿಗೂ ಅದೇ ನೆನಪಾಗುತ್ತದೆ. ಸ್ಪ್ಲ್ಯಾಶ್ ಮೌಂಟನ್ ಕೊನೆಯ ದಿನಗಳಲ್ಲಿ ಗಂಟೆಗಟ್ಟಲೆ ಕ್ಯೂ ಇತ್ತು. ಕೆಲವರು ಅದರ ನೀರನ್ನು ಬಾಟಲಿಯಲ್ಲಿ ತುಂಬಿ ಇಂಟರ್ನೆಟ್‌ನಲ್ಲಿ ಮಾರಾಟಕ್ಕೂ ಇಟ್ಟರು. ನೀರನ್ನು! ಕೊಂಡವರು ಮನೆಯಲ್ಲಿ ಎಲ್ಲಿ ಇಟ್ಟುಕೊಂಡರೋ.

ನಾವು ಮುಚ್ಚುವುದಕ್ಕೆ ಎರಡು ತಿಂಗಳಿದ್ದಾಗ ಒಂದು ಮಂಗಳವಾರ ರಜೆ ಹಾಕಿ ಹೋದೆವು. ಎರಡು ರೈಡ್‌ಗಳಿಗೆ ಆಗಲೇ ಟಾರ್ಪಾಲು ಹೊದಿಸಿದ್ದರು. ಉಳಿದವು ಓಡುತ್ತಿದ್ದವು, ಕ್ಯೂ ಇರಲೇ ಇಲ್ಲ. ಮಗಳು ಪುಟ್ಟ ರೈಲಿನಲ್ಲಿ ಏಳು ಸಲ ಕೂತಳು. ಏಳನೆಯ ಸುತ್ತಿಗೆ ರೈಲು ಓಡಿಸುವವರು ಗಂಟೆ ಹೊಡೆಯಲು ಅವಳಿಗೇ ಹಗ್ಗ ಕೊಟ್ಟರು. ತೆರೆಯುವ ವಾರ ಇಂಥದ್ದು ಎಲ್ಲಿಂದ ಬರಬೇಕು?

ಈ ದಾರಿ ಯಾರಿಗೆ? ನಡೆಯಲು ಕಲಿತದ್ದರಿಂದ ಹಿಡಿದು ನಾಲ್ಕು ವರ್ಷದೊಳಗಿನ ಮಕ್ಕಳಿರುವವರಿಗೆ ಇದನ್ನು ಬಿಡುವ ಮೊದಲು ಎರಡು ಸಲ ಯೋಚಿಸಿ ಎನ್ನುತ್ತೇನೆ. ಕಾರಣ, ಹೊಸದು ಬರುವಾಗ ಮೊದಲು ಕಾಣೆಯಾಗುವುದು ಚಿಕ್ಕವರ ಜಾಗ. ಕ್ಯಾಲಿಫೋರ್ನಿಯಾದ ಡಿಸ್ನಿ ಪಾರ್ಕ್ ಒಂದರಲ್ಲಿ ಎ ಬಗ್ಸ್ ಲ್ಯಾಂಡ್ ಅಂತ ಪುಟಾಣಿಗಳ ಮೂಲೆ ಇತ್ತು. ಕಂಬಳಿಹುಳುವಿನ ಆಕಾರದ ರೈಲು ಎಲ್ಲ ಇದ್ದ ಜಾಗ. 2018ರಲ್ಲಿ ಮುಚ್ಚಿದರು. 2021ರ ಜೂನ್‌ನಲ್ಲಿ ಅಲ್ಲಿ ಅವೆಂಜರ್ಸ್ ಕ್ಯಾಂಪಸ್ ಬಂತು. ಚೆನ್ನಾಗಿಯೇ ಇದೆ, ಆದರೆ ಅದು ದೊಡ್ಡ ಹುಡುಗರ ಲೋಕ. ಮ್ಯಾಜಿಕ್ ಕಿಂಗ್‌ಡಮ್‌ನ ಟಾಮ್ ಸಾಯರ್ ದ್ವೀಪವೂ 2025ರ ಜುಲೈನಲ್ಲಿ ಮುಚ್ಚಿತು, ಕಾರ್ಸ್ ಸಿನಿಮಾದ ರೈಡ್‌ಗಳಿಗೆ ಜಾಗ ಬಿಡಲು. ದ್ವೀಪದ ಗುಹೆ, ಸೇತುವೆಗಳಲ್ಲಿ ಮಕ್ಕಳು ಸುಮ್ನೆ ಓಡಾಡುತ್ತಿದ್ದರು. ಅಲ್ಲಿ ಯಾರೂ ಎತ್ತರ ಅಳೆಯುತ್ತಿರಲಿಲ್ಲ. ಇಂಥ ಜಾಗಗಳ ಬೆಲೆ ಹೋದ ಮೇಲೇ ಗೊತ್ತಾಗುವುದು.

ದಾರಿ ಎರಡು: ತೆರೆಯುವ ದಿನ, ತೆರೆಯುವ ವಾರ

ನೇರವಾಗಿ ಹೇಳುತ್ತೇನೆ, ಚಿಕ್ಕ ಮಕ್ಕಳಿದ್ದರೆ ಬೇಡ.

ಮೊದಲ ದಿನದ ಗೋಳಿಗೆ ದೊಡ್ಡ ಇತಿಹಾಸವೇ ಇದೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಆಮಂತ್ರಣ ಇದ್ದವರು ಮಾತ್ರ ಬರಬೇಕಿತ್ತು. ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿದರು. ವಿಪರೀತ ಸೆಕೆ. ಆಗತಾನೇ ಹಾಕಿದ್ದ ಟಾರು ಮೆತ್ತಗಾಗಿ ಹೆಂಗಸರ ಹೀಲ್ಸ್ ಹೂತುಕೊಂಡವು. ಕೊಳಾಯಿ ಕೆಲಸದವರ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳೂ ಒಣಗಿದ್ದವು. ಈಗಿನ ಪಾರ್ಕುಗಳು ಅಷ್ಟು ಕೆಡುವುದಿಲ್ಲ, ನಿಜ. ಆದರೆ ಎರಡು ತೊಂದರೆ ಈಗಲೂ ತಪ್ಪಿದ್ದಲ್ಲ.

ಒಂದು, ರೈಡ್ ನಿಂತುಹೋಗುವುದು. ರೋಲರ್ ಕೋಸ್ಟರ್ ಹಳಿಯನ್ನು ಹಲವು ತುಂಡುಗಳಾಗಿ ಲೆಕ್ಕ ಇಟ್ಟಿರುತ್ತಾರೆ. ಬ್ಲಾಕ್ ಅನ್ನುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ಗಾಡಿ ಇರಬೇಕು. ಮುಂದಿನ ಬ್ಲಾಕ್ ಖಾಲಿ ಅಂತ ಸೆನ್ಸರ್ ಹೇಳುವವರೆಗೆ ಹಿಂದಿನ ಗಾಡಿಗೆ ದಾರಿ ಇಲ್ಲ. ಒಂದು ಸೆನ್ಸರ್ ಅನುಮಾನದ ಮಾತು ಆಡಿದರೂ ಇಡೀ ರೈಡ್ ನಿಲ್ಲುತ್ತದೆ. ನಿಲ್ಲಬೇಕಾದದ್ದೇ, ಅದು ಸುರಕ್ಷತೆ. ತೆರೆಯುವ ಮೊದಲು ನೀರು ತುಂಬಿದ ಗೊಂಬೆಗಳನ್ನು ಕೂರಿಸಿ ಸಾಕಷ್ಟು ಸುತ್ತು ಓಡಿಸುತ್ತಾರೆ. ಆದರೂ ನಿಜವಾದ ಜನ ಹತ್ತಿ, ಟೋಪಿ ಬೀಳಿಸಿ, ಬ್ಯಾಗು ಸಿಕ್ಕಿಸಿದಾಗ ಹೊಸ ಹೊಸ ತಕರಾರು ಹುಟ್ಟುತ್ತವೆ. ಟಿಯಾನಾ ರೈಡ್ ಕೂಡ ಶುರುವಿನಲ್ಲಿ ಆಗಾಗ ನಿಲ್ಲುತ್ತಿತ್ತು.

ಎರಡನೆಯದು ಕ್ಯೂ. ಇದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. 20 ಸೀಟಿನ ಗಾಡಿ ಪ್ರತಿ 60 ಸೆಕೆಂಡಿಗೆ ಒಂದು ಹೊರಟರೆ ಗಂಟೆಗೆ 1200 ಜನ. ಸಿಬ್ಬಂದಿ ಹೊಸಬರು, ಬೆಲ್ಟ್ ನೋಡಿ ಕಳಿಸಲು 90 ಸೆಕೆಂಡ್ ಹಿಡಿಯಿತು ಅನ್ನಿ. ಗಂಟೆಗೆ 800 ಆಯಿತು. ನಿಮ್ಮ ಮುಂದೆ 600 ಜನ ಇದ್ದರೆ ಅರ್ಧ ಗಂಟೆಯ ಕ್ಯೂ ಮುಕ್ಕಾಲು ಗಂಟೆ ಆಯಿತು. ಯಾರದೂ ತಪ್ಪಿಲ್ಲ, ಕೈ ಪಳಗಬೇಕು ಅಷ್ಟೇ.

ಮಕ್ಕಳ ರೈಡ್‌ಗಳ ಕಥೆ ಇನ್ನೂ ನಿಧಾನ. ಗುಂಡಗೆ ತಿರುಗುವ ಪುಟ್ಟ ವಿಮಾನಗಳು ಇರುತ್ತವಲ್ಲ, 16 ಸೀಟು, ಹತ್ತಿ ಇಳಿಯುವುದೂ ಸೇರಿ ಒಂದು ಸುತ್ತಿಗೆ 4 ನಿಮಿಷ ಅಂತ ಇಟ್ಟುಕೊಳ್ಳಿ. ಗಂಟೆಗೆ 240 ಜನ, ಅದೂ ಎಲ್ಲ ಸೀಟೂ ತುಂಬಿದರೆ. ದೊಡ್ಡ ಕೋಸ್ಟರಿನ ಮುಂದೆ 240 ಜನ ಅಂದರೆ 12 ನಿಮಿಷ. ಪುಟ್ಟ ವಿಮಾನದ ಮುಂದೆ ಅಷ್ಟೇ ಜನ ಅಂದರೆ ಒಂದು ಗಂಟೆ. ಫ್ಯಾಮಿಲಿ ಪಾರ್ಕಿನಲ್ಲಿ ಬಹುಪಾಲು ರೈಡ್‌ಗಳು ಇಂಥವೇ. ಕ್ಯೂ ಚಿಕ್ಕದು ಅಂತ ಕಣ್ಣಳತೆಯಲ್ಲಿ ನಂಬಿ ನಿಂತರೆ ಕೆಟ್ಟಿರಿ.

ನಮಗೇ ಆದದ್ದು ಹೇಳುತ್ತೇನೆ. ಬೇರೆ ಒಂದು ಪಾರ್ಕು, ಹೆಸರು ಬೇಡ. ಹೊಸ ಭಾಗ ತೆರೆದು ನಾಲ್ಕನೆಯ ದಿನ ಹೋಗಿದ್ದೆವು. 50 ನಿಮಿಷ ಕ್ಯೂನಲ್ಲಿ ನಿಂತು, ಇನ್ನು ಮುಂದಿನ ಸರದಿ ನಮ್ಮದೇ ಅನ್ನುವಾಗ ರೈಡ್ ನಿಂತಿತು. ಮೈಕಿನಲ್ಲಿ ಏನೋ ಹೇಳಿದರು, ಕೇಳಿಸಲಿಲ್ಲ. ಮಗಳು ನನ್ನ ಸೆರಗು ಹಿಡಿದು ಎಳೆದಳು. "ಅಮ್ಮ, ಸುಸು." ಕ್ಯೂ ಬಿಟ್ಟು ಹೋದೆವು. ವಾಪಸ್ ಬರುವಷ್ಟರಲ್ಲಿ ರೈಡ್ ಓಡುತ್ತಿತ್ತು. ಮತ್ತೆ ಹಿಂದಿನಿಂದ ನಿಲ್ಲಬೇಕಂತೆ. ಸಿಬ್ಬಂದಿಯ ಹುಡುಗಿಗೂ ಅಳು ಬರುವ ಹಾಗಿತ್ತು, ಪಾಪ.

ಹದಿಹರೆಯದ ಮಕ್ಕಳಿದ್ದರೆ ಮಾತು ಬೇರೆ. ಅವರಿಗೆ "ನಾನು ಮೊದಲ ದಿನವೇ ಹೋಗಿದ್ದೆ" ಅಂತ ಹೇಳಿಕೊಳ್ಳುವುದೇ ಒಂದು ರೈಡ್. ಕಳಿಸಿಕೊಡಿ. ನೀರು, ಪವರ್ ಬ್ಯಾಂಕ್ ಕೊಟ್ಟು ಕಳಿಸಿ.

ಮಧ್ಯದ ದಾರಿಯೂ ಒಂದಿದೆ. ಅಧಿಕೃತವಾಗಿ ತೆರೆಯುವ ಮೊದಲು ಕೆಲವು ಪಾರ್ಕುಗಳು ಪಾಸ್ ಇರುವವರನ್ನೋ ಆಮಂತ್ರಿತರನ್ನೋ ಒಳಗೆ ಬಿಡುತ್ತವೆ. ಜನ ಕಡಿಮೆ. ಆದರೆ ಯಾವ ರೈಡ್ ಓಡುತ್ತದೆ, ಯಾವುದು ಇಲ್ಲ ಅನ್ನುವ ಭರವಸೆ ಇರುವುದಿಲ್ಲ. ಹತ್ತಿರದಲ್ಲೇ ಇದ್ದು ಸಿಕ್ಕರೆ ಹೋಗಿ. ಇದಕ್ಕೋಸ್ಕರ ರೈಲು ಹತ್ತಿ, ಹೋಟೆಲ್ ಬುಕ್ ಮಾಡಿ ಹೋಗುವುದು ಸರಿಯಲ್ಲ.

ದಾರಿ ಮೂರು: ಒಂದು ವರ್ಷ ಕಾಯುವುದು

ನನ್ನ ಮೊದಲ ಆಸೆ ಇದೇ ಆಗಿತ್ತು. ಸಿಬ್ಬಂದಿಯ ಕೈ ಪಳಗಿರುತ್ತದೆ, ರೈಡ್‌ಗಳ ತಕರಾರು ಕಡಿಮೆಯಾಗಿರುತ್ತದೆ. ಮೊದಲು ಬಿಟ್ಟುಹೋದದ್ದು ಆಮೇಲೆ ಸೇರಿರುವ ಸಾಧ್ಯತೆಯೂ ಇದೆ. ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ 2001ರ ಫೆಬ್ರವರಿ 8ಕ್ಕೆ ತೆರೆದಾಗ ಚಿಕ್ಕ ಮಕ್ಕಳಿಗೆ ಏನೂ ಇಲ್ಲ ಅಂತ ಜನ ದೂರಿದರು. ಮರುವರ್ಷ ಆ ಬಗ್ಸ್ ಲ್ಯಾಂಡ್ ಬಂತು, ಮೇಲೆ ಹೇಳಿದೆನಲ್ಲ, ಆಮೇಲೆ ಮುಚ್ಚಿದ್ದು ಅದೇ. ಪಾರ್ಕ್‌ಗೆ ಪೂರ್ತಿ ಹೊಸ ರೂಪ ಬಂದದ್ದು 2012ರ ಜೂನ್‌ನಲ್ಲಿ, ಕಾರ್ಸ್ ಲ್ಯಾಂಡ್ ತೆರೆದಾಗ. ಅಷ್ಟು ಕಾದಿದ್ದರೆ 2001ರಲ್ಲಿ ಐದಾರು ವರ್ಷ ಇದ್ದ ಮಗು ಕಾಲೇಜಿನ ಬಾಗಿಲಲ್ಲಿ ನಿಂತಿರುತ್ತಿತ್ತು.

ಅಲ್ಲೇ ಇರುವುದು ತೊಡಕು. ಮಗು ಗಡಿ ದಾಟಿ ಬೆಳೆಯುವ ಹಾಗೆ ಪಾರ್ಕನ್ನೂ ದಾಟಿ ಬೆಳೆಯುತ್ತದೆ. 2022ರ ಫೆಬ್ರವರಿಯಲ್ಲಿ ಲೆಗೋಲ್ಯಾಂಡ್ ಫ್ಲೋರಿಡಾದ ಪಕ್ಕದಲ್ಲೇ ಪೆಪ್ಪಾ ಪಿಗ್ ಥೀಮ್ ಪಾರ್ಕ್ ತೆರೆಯಿತು. ಅದಕ್ಕೆ ಬೇರೆಯದೇ ಗೇಟು. ಇನ್ನೂ ಶಾಲೆಗೆ ಸೇರದ ಮಕ್ಕಳಿಗೆಂದೇ ಮಾಡಿದ್ದು. ಕೆಸರು ಗುಂಡಿಯಲ್ಲಿ ಹಾರುವ ಹಂದಿಮರಿ ಮೂರು ವರ್ಷದವರಿಗೆ ಪ್ರಾಣ. ಆರು ವರ್ಷದವರನ್ನು ಕೇಳಿ ನೋಡಿ, "ಅದು ಪಾಪುಗಳದ್ದು" ಅಂತ ಮೂಗು ಮುರಿಯುತ್ತಾರೆ. ಆದ್ದರಿಂದ ಹೊಸ ಪಾರ್ಕ್ ಪುಟಾಣಿಗಳದ್ದಾಗಿ, ನಿಮ್ಮ ಮಗು ಮೂರೂವರೆ ಇದ್ದರೆ ಒಂದು ವರ್ಷ ಕಾಯುವುದು ತಪ್ಪು ಲೆಕ್ಕ. ಆರೆಂಟು ವಾರ ಕಳೆಯಲಿ, ಶಾಲೆಗಳು ನಡೆಯುತ್ತಿರುವ ದಿನ ನೋಡಿ ವಾರದ ಮಧ್ಯೆ ಹೋಗಿಬಿಡಿ.

ಅದೇ ಪಾರ್ಕಿನ ಮುಖ್ಯ ಆಕರ್ಷಣೆ 102ರ ಗಡಿಯದಾಗಿ, ಮಗು 96 ಇದ್ದರೆ? ಹತ್ತು ತಿಂಗಳು ಕಾಯಿರಿ. ಆಗ ಕಾಯುವುದೇ ಲಾಭ.

ಇಬ್ಬರು ಮಕ್ಕಳಿದ್ದು ಒಂದು ಗಡಿಯ ಮೇಲೆ, ಒಂದು ಗಡಿಯ ಕೆಳಗೆ ಇದ್ದರೆ ದೊಡ್ಡದರ ಪ್ರಕಾರ ಹೋಗಿ. ಬಹಳ ಪಾರ್ಕುಗಳಲ್ಲಿ ಅಪ್ಪ ಅಮ್ಮ ಸರದಿ ಬದಲಾಯಿಸುವ ವ್ಯವಸ್ಥೆ ಇದೆ. ರೈಡರ್ ಸ್ವಿಚ್ ಅಂತಲೋ ಪೇರೆಂಟ್ ಸ್ವಾಪ್ ಅಂತಲೋ ಕರೆಯುತ್ತಾರೆ. ಒಬ್ಬರು ಚಿಕ್ಕದನ್ನು ನೋಡಿಕೊಂಡು ಹೊರಗೆ ಇರುತ್ತಾರೆ, ಇನ್ನೊಬ್ಬರು ದೊಡ್ಡದರ ಜೊತೆ ಹೋಗಿ ಬರುತ್ತಾರೆ. ಆಮೇಲೆ ಮೊದಲನೆಯವರು ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹತ್ತಬಹುದು. ಕೆಲವು ಕಡೆ ದೊಡ್ಡ ಮಗುವಿಗೆ ಎರಡು ಸಲ ಸಿಗುತ್ತದೆ. ಗೇಟಿನಲ್ಲೇ ಕೇಳಿ. ನೀವು ಕೇಳದೆ ಅವರಾಗಿ ಹೇಳುವುದು ಅಪರೂಪ.

ಅತ್ತೆಯ ಪ್ರಶ್ನೆ

"ಕೂತ್ಕೊಳ್ಳೋಕೆ ನೆರಳು ಇರುತ್ತೇನೇ?" ನಾವೆಲ್ಲ ನಕ್ಕಿದ್ದೆವು. ಆಮೇಲೆ ಯೋಚಿಸಿದರೆ ಎಲ್ಲರಿಗಿಂತ ಬುದ್ಧಿವಂತ ಪ್ರಶ್ನೆ ಅದೇ.

ಹೊಸ ಪಾರ್ಕಿನಲ್ಲಿ ಹಣ ಕೊಟ್ಟರೆ ಎಲ್ಲ ಸಿಗುತ್ತದೆ, ಹಳೇ ಮರ ಸಿಗುವುದಿಲ್ಲ. ಹೊಸದಾಗಿ ನೆಟ್ಟ ಗಿಡಕ್ಕೆ ಮೂರು ಕೋಲು ಆನಿಸಿ ಕಟ್ಟಿರುತ್ತಾರೆ. ಅದರ ನೆರಳಿನಲ್ಲಿ ಒಂದು ಬೆಕ್ಕು ಮಲಗಬಹುದು. ಸೈಪ್ರೆಸ್ ಗಾರ್ಡನ್ಸ್ ಉದಾಹರಣೆ ಇಷ್ಟ ಅಂದದ್ದು ಇದಕ್ಕೇ. ಲೆಗೋಲ್ಯಾಂಡ್ ತೆರೆದ ಮೊದಲ ದಿನವೇ ಅಲ್ಲಿ 72 ವರ್ಷದ ಆಲದ ಮರ ಇತ್ತು. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗುವುದಾದರೆ ಹೊಸದರಲ್ಲಿ ಹಳೆಯ ಮರಗಳನ್ನು ಉಳಿಸಿದ್ದಾರಾ ಅಂತ ವಿಚಾರಿಸಿ. ಇಲ್ಲ ಅಂದರೆ ಬಿಸಿಲಿನ ತಿಂಗಳು ಬಿಡಿ, ಅಥವಾ ಮಧ್ಯಾಹ್ನ ಒಳಾಂಗಣದ ಪ್ರದರ್ಶನಗಳಿಗೆ ಇಟ್ಟುಕೊಳ್ಳಿ. ಬೆಂಚು, ಶೌಚಾಲಯ, ಕುಡಿಯುವ ನೀರು ಮೂರೂ ಒಂದಕ್ಕೊಂದು ಹತ್ತಿರ ಇವೆಯಾ ಅಂತ ನಕ್ಷೆಯಲ್ಲಿ ನೋಡಿ.

ಟಿಕೆಟ್ಟಾ, ಪಾಸಾ?

ಹೊಸ ಪಾರ್ಕುಗಳು ತೆರೆಯುವ ಮೊದಲೇ ವರ್ಷದ ಪಾಸ್ ಮಾರುತ್ತವೆ. ಶುರುವಿನ ಗಿರಾಕಿಗಳಿಗೆ ಅಂತ ವಿಶೇಷ ಹೆಸರು, ಟೀ ಶರ್ಟು ಎಲ್ಲ ಇರುತ್ತದೆ. ಹತ್ತಿರ ಇದ್ದು ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವವರಾದರೆ ಮಾತ್ರ ಯೋಚಿಸಿ. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ವರ್ಷ ಎಣಿಸುವುದು ಯಾವತ್ತಿನಿಂದ? ದುಡ್ಡು ಕೊಟ್ಟ ದಿನದಿಂದಲೋ, ಪಾರ್ಕ್ ತೆರೆದ ದಿನದಿಂದಲೋ, ನೀವು ಮೊದಲು ಒಳಗೆ ಹೋದ ದಿನದಿಂದಲೋ? ತೆರೆಯುವ ತಾರೀಕು ಮುಂದೆ ಹೋದರೆ ಈ ಒಂದು ಸಾಲು ನಿಮ್ಮ ಮೂರು ತಿಂಗಳು ನುಂಗಬಹುದು.

ಒಂದು ದಿನದ ಟಿಕೆಟ್ ಆದರೆ ತಾರೀಕು ಬದಲಾಯಿಸಲು ಬಿಡುತ್ತಾರಾ ನೋಡಿ. ಮಕ್ಕಳಿರುವ ಮನೆಯಲ್ಲಿ ಜ್ವರ ಹೇಳಿ ಕೇಳಿ ಬರುವುದಿಲ್ಲ. ಬದಲಾಯಿಸಲು ಆಗುವ ಟಿಕೆಟ್ಟಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕ್ಯೂ ತಪ್ಪಿಸುವ ದುಬಾರಿ ಟಿಕೆಟ್ ಮಾತ್ರ ಪುಟಾಣಿಗಳ ರೈಡ್‌ಗಳಿಗೆ ಅನ್ವಯಿಸುತ್ತದಾ ಅಂತ ಖಚಿತ ಮಾಡಿಕೊಳ್ಳದೆ ಕೊಳ್ಳಬೇಡಿ. ದೊಡ್ಡ ರೈಡ್‌ಗಳಿಗಷ್ಟೇ ಇದ್ದರೆ, ಆ ರೈಡ್ ಹತ್ತಲು ಆಗದ ಮಗುವಿಗೆ ಅದರಿಂದ ಏನು ಪ್ರಯೋಜನ?

ನಮ್ಮ ಮನೆಯಲ್ಲಿ ಕೊನೆಗೆ ಆದದ್ದು ಇಷ್ಟು. ಹಳೆಯದಕ್ಕೆ ಆ ಮಂಗಳವಾರ ಹೋಗಿ ಬಂದೆವು. ಹೊಸದಕ್ಕೆ ತೆರೆದ ವಾರ ಇಲ್ಲ, ಪಾಸೂ ಇಲ್ಲ. ಹೊಸ ಪಾರ್ಕಿನವರು ತೆರೆಯುವ ತಾರೀಕನ್ನು ಆಗಲೇ ಒಂದು ಸಲ ಮುಂದೆ ಹಾಕಿದ್ದಾರೆ. ಸುದ್ದಿ ಕೇಳಿ ಯಜಮಾನರು ಗೊಣಗಿದರು. ಮಗಳು ಮಾತ್ರ ಕುಣಿದಾಡಿ ಟೇಪ್ ತಂದಳು. ಅಳೆದೆವು. 100ಕ್ಕೆ ಒಂದು ಕೂದಲೆಳೆ ಕಡಿಮೆ. "ಇದು ಸಂಜೆ ಅಮ್ಮ, ಲೆಕ್ಕಕ್ಕಿಲ್ಲ, ಬೆಳಿಗ್ಗೆ ಮತ್ತೆ ನೋಡೋಣ" ಅಂದಳು.